ಹಸಿರು ಗುರುತು ಇತ್ತು, ಬ್ಯಾಕಪ್ ಇರಲಿಲ್ಲ

2025ರ ಜುಲೈ 13, ಭಾನುವಾರ. ಬೆಳಿಗ್ಗೆ ಒಂಬತ್ತಕ್ಕೆ ಮಾಮಾನ ಫೋನ್ ಬಂತು. ‘ಕಂಪ್ಯೂಟರ್ ಒಳಗೆ ಟಕ್ ಟಕ್ ಅಂತಿದೆ. ಫೋಟೊ ಇಡೋ ಡ್ರೈವ್ ಕಾಣ್ತಾ ಇಲ್ಲ. ಬಂದು ನೋಡ್ತೀಯಾ?’

ಮಾಮಾನದು ಸದಾಶಿವಗಡದಲ್ಲಿ ಹೆದ್ದಾರಿ ಬದಿಯ ಪುಟ್ಟ ಫೋಟೊ ಸ್ಟುಡಿಯೊ. ಮಾಜಾಳಿಯ ನಮ್ಮ ಮನೆಯಿಂದ ಬೈಕಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಹಾರ್ಡ್ ಡಿಸ್ಕ್ ಟಕ್ ಟಕ್ ಎಂದರೆ ಅದರ ಕತೆ ಮುಗಿಯಿತು ಎಂದು ಗೊತ್ತಿದ್ದರೂ ನನಗೆ ಗಾಬರಿ ಆಗಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯೇ ಆಗಿತ್ತು. ಏಪ್ರಿಲ್‌ನಲ್ಲಿ ಆ ಕಂಪ್ಯೂಟರಿಗೆ ಆನ್‌ಲೈನ್ ಬ್ಯಾಕಪ್ ಹಾಕಿಕೊಟ್ಟವನು ನಾನೇ. ಪ್ರತಿ ರಾತ್ರಿ 1 ಗಂಟೆಗೆ ದಿನದ ಫೋಟೊಗಳೆಲ್ಲ ಇಂಟರ್‌ನೆಟ್ ಮೂಲಕ ದೂರದ ಸರ್ವರ್‌ಗೆ ಹೋಗಿ ಕೂರಬೇಕು. ಹೊಸ ಡಿಸ್ಕ್ ಹಾಕಿ, ಎಲ್ಲವನ್ನೂ ಇಳಿಸಿಕೊಟ್ಟು, ‘ನೋಡಿ ಮಾಮಾ, ಇದಕ್ಕೇ ಹೇಳಿದ್ದು’ ಎನ್ನುವ ಡೈಲಾಗ್ ಕೂಡ ದಾರಿಯಲ್ಲೇ ತಯಾರಾಗಿತ್ತು.

ಸರ್ವರ್ ತೆರೆದು ನೋಡಿದೆ. ಕೊನೆಯ ಬ್ಯಾಕಪ್ ಜೂನ್ 8ರದ್ದು. ಅಂದರೆ ಐದು ವಾರದಿಂದ ಒಂದೇ ಒಂದು ಫೋಟೊ ಹೋಗಿರಲಿಲ್ಲ.

ಪರದೆಯ ಮೂಲೆಯಲ್ಲಿ ಬ್ಯಾಕಪ್ ತಂತ್ರಾಂಶದ ಹಸಿರು ಗುರುತು ಮಾತ್ರ ಆಗಲೂ ಇತ್ತು. ಮೇಲೆ ಮೌಸ್ ಇಟ್ಟರೆ ‘ಚಾಲನೆಯಲ್ಲಿದೆ’ ಎಂದು ತೋರಿಸುತ್ತಿತ್ತು. ಮೋಡೆಮ್‌ನ ದೀಪಗಳೂ ಹಸಿರಾಗೇ ಇದ್ದವು.

ಆ ಐದು ವಾರಗಳಲ್ಲಿ ಮಾಮಾ ಒಂದು ಗೃಹಪ್ರವೇಶ, ಎರಡು ನಾಮಕರಣ ಮತ್ತು ಒಂದು ನಿಶ್ಚಿತಾರ್ಥದ ಫೋಟೊ ತೆಗೆದಿದ್ದರು. ಕ್ಯಾಮೆರಾದ ಕಾರ್ಡ್‌ಗಳನ್ನು ಅಳಿಸಿ ಮುಂದಿನ ಕಾರ್ಯಕ್ರಮಕ್ಕೆ ಬಳಸಿಯೂ ಆಗಿತ್ತು. ಡಿಸ್ಕನ್ನು ಹುಬ್ಬಳ್ಳಿಗೆ ಒಯ್ದು ತೋರಿಸಿದೆವು. ಒಳಗಿನ ತಟ್ಟೆಯ ಮೇಲೆ ಗೀರು ಬಿದ್ದಿದೆ, ಏನೂ ಸಿಗುವುದಿಲ್ಲ ಎಂದರು.

ಮಾಮಾ ನನ್ನನ್ನು ಬೈಯಲಿಲ್ಲ. ಒಂದೇ ಮಾತು ಕೇಳಿದರು. ‘ಮೊದಲು ನಾನು ಪ್ರತಿ ಶನಿವಾರ ಹೊರಗಿನ ಡಿಸ್ಕಿಗೆ ಕಾಪಿ ಮಾಡಿಡ್ತಿದ್ದೆ. ಇನ್ನು ಬೇಡ ಅಂದವನು ನೀನೇ ಅಲ್ವಾ?’

ಹೌದು, ನಾನೇ.

ನಿಶ್ಚಿತಾರ್ಥದ ಹುಡುಗ ಹಡಗಿನ ಕೆಲಸದವನು. ಹದಿನೈದು ದಿನದ ರಜೆಯಲ್ಲಿ ಬಂದು, ಉಂಗುರ ತೊಡಿಸಿ, ಮತ್ತೆ ಹಡಗು ಹತ್ತಿದ್ದ. ವಿಷಯ ತಿಳಿದು ಅವನ ಆಯಿ ಸ್ಟುಡಿಯೊಗೆ ಬಂದರು. ಅವರೂ ಜಗಳ ಮಾಡಲಿಲ್ಲ. ಮಾಮಾನಿಗೆ ಕೊಂಕಣಿಯಲ್ಲಿ ಅವರು ಕೇಳಿದ್ದು ಇಷ್ಟು: ‘ದಾದಾ, ನಾವೆಲ್ಲ ಅಷ್ಟು ಹೊತ್ತು ನಿಂತು ನಕ್ಕೆವಲ್ಲ, ಅದೆಲ್ಲ ಎಲ್ಲಿ ಹೋಯ್ತು?’ ಮಾಮಾ ಮುಂಗಡದ ಹಣ ವಾಪಸ್ ಕೊಟ್ಟರು. ಉಳಿದಿದ್ದು ಹನ್ನೊಂದು ಚಿತ್ರ. ಸ್ಯಾಂಪಲ್ ಎಂದು ಅವರ ಮನೆಯವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದ, ಕುಗ್ಗಿ ಸಣ್ಣದಾದ ಹನ್ನೊಂದು ಚಿತ್ರ.

ನಾನು ಬಿಇ ವಿದ್ಯಾರ್ಥಿ. ಕಂಪ್ಯೂಟರ್ ನೆಟ್‌ವರ್ಕ್ಸ್ ನಮಗೆ ಪಾಠವೇ ಇದೆ. ಆದರೆ ನೆಟ್‌ವರ್ಕ್ ಕಡಿಯುವುದು ಎಂದರೇನು ಎಂದು ನನಗೆ ತಿಳಿದದ್ದು ಆ ಭಾನುವಾರದ ನಂತರ.

ಮೃಗಶಿರಾ ಮಳೆಯ ರಾತ್ರಿ

ತಂತ್ರಾಂಶದ ಲಾಗ್ ಕಡತ ತೆಗೆದು ಓದುತ್ತ ಕುಳಿತೆ. ಕೊನೆಯ ಸಾಲು ಜೂನ್ 9ರ ನಸುಕಿನ 1 ಗಂಟೆ 52 ನಿಮಿಷದ್ದು. ಆಮೇಲೆ ಏನೂ ಇಲ್ಲ. ಎರರ್ ಕೂಡ ಇಲ್ಲ.

ಆ ರಾತ್ರಿ ಗಾಳಿ ಮಳೆಗೆ ಕರೆಂಟ್ ಹೋಗಿತ್ತು. ಸ್ಟುಡಿಯೊದ ಕಂಪ್ಯೂಟರಿಗೆ ಇನ್ವರ್ಟರ್ ಇದೆ, ಹಾಗಾಗಿ ಅದು ಆರಲಿಲ್ಲ. ಫೈಬರ್ ಮೋಡೆಮ್ ಮಾತ್ರ ಗೋಡೆಯ ಇನ್ನೊಂದು ಬದಿಯ ಸಾದಾ ಬೋರ್ಡಿನಲ್ಲಿತ್ತು. ಅದು ಆರಿತು, ಕರೆಂಟ್ ಬಂದಾಗ ಮತ್ತೆ ಹೊತ್ತಿತು.

ಇಲ್ಲಿದೆ ತಮಾಷೆ. ನಿಮ್ಮ ಕಂಪ್ಯೂಟರ್ ಹೊರಗಿನ ಸರ್ವರ್ ಜೊತೆ ಮಾತಾಡುವಾಗ ‘ಈ ಮಾತು ಇವರಿಬ್ಬರ ನಡುವಿನದು’ ಎಂಬ ಲೆಕ್ಕವನ್ನು ಮಧ್ಯದ ಮೋಡೆಮ್ ಒಂದು ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತದೆ. ಮೋಡೆಮ್ ಆರಿ ಹೊತ್ತಿದರೆ ಆ ಪಟ್ಟಿ ಅಳಿಸಿಹೋಗುತ್ತದೆ. ಆಮೇಲೆ ಸರ್ವರ್ ಏನು ಹೇಳಿದರೂ ಅದು ಕಂಪ್ಯೂಟರಿಗೆ ತಲುಪುವುದಿಲ್ಲ. ಇತ್ತ ಕಂಪ್ಯೂಟರಿಗೆ ಸಂಪರ್ಕ ಕಡಿದಿದೆ ಎಂಬುದೇ ಗೊತ್ತಾಗುವುದಿಲ್ಲ.

‘ಟಿಸಿಪಿ ಇದನ್ನೆಲ್ಲ ನೋಡಿಕೊಳ್ಳುತ್ತದೆ’ ಎಂದು ನಾನು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಅದು ಅರ್ಧ ಸತ್ಯ. ಕಳಿಸಿದ್ದಕ್ಕೆ ಸ್ವೀಕೃತಿ ಬಾರದಿದ್ದರೆ ಟಿಸಿಪಿ ಮತ್ತೆ ಮತ್ತೆ ಕಳಿಸಿ, ಕೊನೆಗೆ ಸೋತೆ ಎಂದು ಒಪ್ಪಿಕೊಳ್ಳುತ್ತದೆ. ಆದರೆ ಕಳಿಸುವುದೆಲ್ಲ ಮುಗಿದು, ಆ ಕಡೆಯ ಉತ್ತರಕ್ಕಾಗಿ ಸುಮ್ಮನೆ ಕಾಯುತ್ತಿರುವವನಿಗೆ ಸಂಪರ್ಕ ಸತ್ತದ್ದು ತಿಳಿಯುವ ದಾರಿಯೇ ಇಲ್ಲ. ನಮ್ಮ ತಂತ್ರಾಂಶ ಸರಿಯಾಗಿ ಆ ಘಳಿಗೆಯಲ್ಲಿ ಸಿಕ್ಕಿಬಿದ್ದಿತ್ತು. ‘ಬೇಗ ಬರ್ತೇನೆ’ ಎಂದು ಹೋದವನಿಗಾಗಿ ಬಸ್ ಸ್ಟ್ಯಾಂಡಿನಲ್ಲಿ ಐದು ವಾರ ನಿಂತ ಹಾಗೆ.

ಮರುದಿನ ರಾತ್ರಿಯಾದರೂ ಹೊಸದಾಗಿ ಶುರುವಾಗಬಾರದಿತ್ತೇ? ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ಗೆ ಒಂದು ನಿಯಮವಿದೆ: ಹಳೆಯ ಕೆಲಸ ಇನ್ನೂ ನಡೆಯುತ್ತಿದ್ದರೆ ಹೊಸದನ್ನು ಶುರು ಮಾಡಬೇಡ. ಅದು ಸರಿಯಾದ ನಿಯಮವೇ. ಇನ್ನೊಂದು ನಿಯಮವೂ ಇದೆ: ಮೂರು ದಿನಕ್ಕಿಂತ ಹೆಚ್ಚು ನಡೆಯುವ ಕೆಲಸವನ್ನು ನಿಲ್ಲಿಸು. ಅದನ್ನು ತೆಗೆದುಹಾಕಿದವನು ನಾನು.

ಯಾಕೆಂದರೆ ಮೊದಲ ಸಲ 700 ಜಿಬಿ ಕಳಿಸಬೇಕಿತ್ತು. ಅಪ್‌ಲೋಡ್ ವೇಗ ಸೆಕೆಂಡಿಗೆ 20 ಮೆಗಾಬಿಟ್. ಲೆಕ್ಕ ಹಾಕಿದರೆ 2,80,000 ಸೆಕೆಂಡ್, ಅಂದರೆ ಮೂರು ದಿನ ದಾಟುತ್ತದೆ. ಮಧ್ಯದಲ್ಲಿ ನಿಲ್ಲಬಾರದೆಂದು ಗಡಿ ತೆಗೆದೆ. ಮತ್ತೆ ಹಾಕುವುದು ಮರೆತೆ. ಸಾಲದ್ದಕ್ಕೆ ‘ರಾತ್ರಿ ಕಂಪ್ಯೂಟರ್ ಬಂದ್ ಮಾಡಬೇಡಿ, ಮಾನಿಟರ್ ಮಾತ್ರ ಆರಿಸಿ’ ಎಂದು ಚೀಟಿ ಬೇರೆ ಅಂಟಿಸಿದ್ದೆ. ಒಮ್ಮೆ ರೀಸ್ಟಾರ್ಟ್ ಆಗಿದ್ದರೂ ಎಲ್ಲ ಸರಿಹೋಗುತ್ತಿತ್ತು.

ಇದ್ದೀಯಾ? ಇದ್ದೇನೆ

ಮೊದಲು ಮಾಡಿದ ಕೆಲಸಕ್ಕೆ ಎಂಜಿನಿಯರಿಂಗ್ ಬೇಕಿರಲಿಲ್ಲ. ಮೋಡೆಮ್‌ನ ಪ್ಲಗ್ ಕಿತ್ತು ಇನ್ವರ್ಟರ್ ಲೈನಿಗೆ ಹಾಕಿದೆ.

ಎರಡನೆಯದು ಕೀಪ್‌ಅಲೈವ್. ಸಂಪರ್ಕ ಸುಮ್ಮನಿದ್ದಾಗ ಕಂಪ್ಯೂಟರ್ ಆಗಾಗ ‘ಇದ್ದೀಯಾ?’ ಎಂದು ಕೇಳಬೇಕು, ಸರ್ವರ್ ‘ಇದ್ದೇನೆ’ ಎನ್ನಬೇಕು. ಟಿಸಿಪಿಯಲ್ಲೇ ಇಂಥ ಸೌಲಭ್ಯವಿದೆ. ಆದರೆ ತಂತ್ರಾಂಶ ಕೇಳಿಕೊಂಡರೆ ಮಾತ್ರ ಅದು ಜಾರಿಗೆ ಬರುತ್ತದೆ. ಬಂದರೂ ವಿಂಡೋಸ್, ಲಿನಕ್ಸ್ ಎರಡರಲ್ಲೂ ಮೊದಲ ವಿಚಾರಣೆ ನಡೆಯುವುದು 2 ಗಂಟೆ ಸುಮ್ಮನಿದ್ದ ಮೇಲೆ. ಅಷ್ಟರಲ್ಲಿ ಎಷ್ಟೋ ಮೋಡೆಮ್‌ಗಳು ‘ಇವರ ಮಾತು ಮುಗಿಯಿತು’ ಎಂದು ಪಟ್ಟಿಯಿಂದ ಹೆಸರು ಅಳಿಸಿರುತ್ತವೆ. ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶ ಮಾಡಿದವರು ಇಂಥ ಕಡೆ 25 ಸೆಕೆಂಡಿಗೊಮ್ಮೆ ದನಿ ಮಾಡಿ ಎಂದು ಸಲಹೆ ಕೊಡುವುದು ಇದಕ್ಕೇ.

ನಮ್ಮ ಬ್ಯಾಕಪ್ ಹೋಗುವುದು ಎಸ್‌ಎಸ್‌ಎಚ್ ಸಂಪರ್ಕದ ಮೂಲಕ. ಅದರ ಸೆಟ್ಟಿಂಗ್ ಕಡತದಲ್ಲಿ ಎರಡೇ ಸಾಲು ಸೇರಿಸಿದೆ. 30 ಸೆಕೆಂಡಿಗೊಮ್ಮೆ ಕೇಳು. ನಾಲ್ಕು ಸಲ ಕೇಳಿಯೂ ಉತ್ತರ ಬಾರದಿದ್ದರೆ ಸಂಪರ್ಕ ಸತ್ತಿತೆಂದು ತಿಳಿದು ಬಿಟ್ಟುಬಿಡು. ಐದು ವಾರ ತಿಳಿಯದೇ ಇದ್ದದ್ದು ಈಗ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಆ ಎರಡು ಸಾಲು ಏಪ್ರಿಲ್‌ನಲ್ಲೇ ಇದ್ದಿದ್ದರೆ ಈ ಲೇಖನ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಇದರ ಜೊತೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ಗಡಿಯನ್ನು ಮತ್ತೆ ಹಾಕಿದೆ. ಈ ಸಲ 6 ಗಂಟೆ. ಬೆಳಿಗ್ಗೆ 7ರ ಒಳಗೆ ಮುಗಿಯದ ಕೆಲಸ ತಾನಾಗಿ ನಿಲ್ಲುತ್ತದೆ. ಅರ್ಧಕ್ಕೆ ನಿಂತರೆ ಎಲ್ಲ ಹಾಳಲ್ಲವೇ ಎಂದು ಮಾಮಾ ಕೇಳಿದರು. ಇಲ್ಲ. ಈಗಿನ ಒಳ್ಳೆಯ ಬ್ಯಾಕಪ್ ತಂತ್ರಾಂಶಗಳು ಕಡತಗಳನ್ನು ತುಂಡು ತುಂಡಾಗಿ ಕಳಿಸುತ್ತವೆ. ಆಗಲೇ ತಲುಪಿದ ತುಂಡನ್ನು ಮತ್ತೆ ಕಳಿಸುವುದಿಲ್ಲ. ತಂತ್ರಾಂಶ ಆರಿಸುವಾಗ ಮೊದಲು ನೋಡಬೇಕಾದ ಗುಣ ಇದು. ಕಡಿದಾಗಲೆಲ್ಲ ಮೊದಲಿನಿಂದ ಶುರು ಮಾಡುವ ತಂತ್ರಾಂಶ ನಮ್ಮ ಕಡೆಯ ಮಳೆಗಾಲದಲ್ಲಿ ಎಂದೂ ದಡ ಸೇರಲಾರದು.

ಮತ್ತೆ ಪ್ರಯತ್ನಿಸು, ಆದರೆ ನಿಧಾನ

ಸಂಪರ್ಕ ಸತ್ತಿತೆಂದು ಗೊತ್ತಾಯಿತು. ಮುಂದೇನು? ಮತ್ತೆ ಜೋಡಿಸಬೇಕು. ನಾನು ಮೊದಲು ಬರೆದ ಸ್ಕ್ರಿಪ್ಟ್ ಸೋತ ಕೂಡಲೇ ಮತ್ತೆ ಪ್ರಯತ್ನಿಸುತ್ತಿತ್ತು, ಬಾಗಿಲು ತೆಗೆಯುವವರೆಗೆ ಕಾಲಿಂಗ್ ಬೆಲ್ ಒತ್ತುತ್ತಲೇ ಇರುವವರ ಹಾಗೆ. ಅದೂ ತಪ್ಪೇ.

ಪಠ್ಯಪುಸ್ತಕದಲ್ಲಿ ಬರುವ ಒಂದು ಕತೆ ಆಗ ನೆನಪಾಯಿತು. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಪಕ್ಕದ ವಿಶ್ವವಿದ್ಯಾಲಯದ ನಡುವೆ ನೆಟ್‌ವರ್ಕ್ ಕುಸಿದುಬಿತ್ತು. ದೂರ ಬರೀ 400 ಗಜ. ಸೆಕೆಂಡಿಗೆ 32,000 ಬಿಟ್ ಇದ್ದ ವೇಗ 40 ಬಿಟ್‌ಗೆ ಇಳಿಯಿತು. ದಾರಿ ತುಂಬಿ ಉತ್ತರ ತಡವಾದಾಗ ಎಲ್ಲರೂ ಕಳಿಸಿದ್ದನ್ನೇ ಮತ್ತೆ ಕಳಿಸುತ್ತಿದ್ದರು. ಅದರಿಂದ ದಾರಿ ಇನ್ನಷ್ಟು ತುಂಬುತ್ತಿತ್ತು. ವ್ಯಾನ್ ಜೇಕಬ್ಸನ್ ಎಂಬ ವಿಜ್ಞಾನಿ ಇದರ ಬೆನ್ನು ಹತ್ತಿ 1988ರಲ್ಲಿ ಪ್ರಬಂಧ ಬರೆದರು. ದಟ್ಟಣೆ ಕಂಡಾಗ ಹಿಂದೆ ಸರಿಯುವ ಬುದ್ಧಿ ಟಿಸಿಪಿಗೆ ಬಂದದ್ದು ಆ ಕೆಲಸದಿಂದ.

ಅದೇ ಪಾಠ ಬ್ಯಾಕಪ್‌ಗೂ ಸಲ್ಲುತ್ತದೆ. ಈಗ ಸ್ಕ್ರಿಪ್ಟ್ ಸೋತರೆ 1 ನಿಮಿಷ ಕಾಯುತ್ತದೆ. ಮತ್ತೆ ಸೋತರೆ 2, ಆಮೇಲೆ 4, 8, 16. ಹೆಚ್ಚೆಂದರೆ 30 ನಿಮಿಷ. ಪ್ರತಿ ಸಲ ಮನಸ್ಸಿಗೆ ಬಂದಷ್ಟು ಕೆಲವು ಸೆಕೆಂಡ್ ಹೆಚ್ಚೂ ಸೇರಿಸುತ್ತದೆ. ಕರೆಂಟ್ ಬಂದ ಕ್ಷಣ ಊರಿನ ಎಲ್ಲ ಯಂತ್ರಗಳೂ ಒಟ್ಟಿಗೆ ಬಾಗಿಲು ತಟ್ಟಬಾರದಲ್ಲ!

ಒಂದು ಎಚ್ಚರಿಕೆ. ನೆಟ್‌ವರ್ಕ್ ತಪ್ಪಿಗೆ ಮಾತ್ರ ಮರುಪ್ರಯತ್ನ. ಪಾಸ್‌ವರ್ಡ್ ತಪ್ಪಿದ್ದರೆ, ಸರ್ವರ್‌ನಲ್ಲಿ ಜಾಗ ಮುಗಿದಿದ್ದರೆ ನೂರು ಸಲ ಪ್ರಯತ್ನಿಸಿದರೂ ಅಷ್ಟೇ. ಅಂಥದ್ದಕ್ಕೆ ತಕ್ಷಣ ನಿಂತು ಮನುಷ್ಯರನ್ನು ಕರೆಯಬೇಕು.

ಕಾಳಿ ನದಿ ಕಲಿಸಿದ್ದು

ಎರಡನೇ ದಾರಿ ಎಷ್ಟು ಮುಖ್ಯ ಎಂಬುದನ್ನು ನಮ್ಮ ತಾಲ್ಲೂಕಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ರಾಷ್ಟ್ರೀಯ ಹೆದ್ದಾರಿ 66 ಬಂದ್ ಆಯಿತು. ಆ ನೋವಿನ ಮುಂದೆ ನನ್ನ ಫೋಟೊಗಳ ಕತೆ ಏನೂ ಅಲ್ಲ. ಅಲ್ಲಿ ಇದ್ದದ್ದು ಒಂದೇ ರಸ್ತೆ. ವಾಹನಗಳು ದಿನಗಟ್ಟಲೆ ಸುತ್ತು ಹಾಕಬೇಕಾಯಿತು. ಮೂರು ವಾರ ಕಳೆದು ಆಗಸ್ಟ್ 7ರ ನಡುರಾತ್ರಿ ಕಾರವಾರ ಮತ್ತು ಸದಾಶಿವಗಡದ ನಡುವಿನ, ನಾಲ್ಕು ದಶಕ ಹಳೆಯ ಕಾಳಿ ಸೇತುವೆ ಕುಸಿಯಿತು. ಒಂದು ಲಾರಿ ನದಿಗೆ ಬಿತ್ತು, ಚಾಲಕನನ್ನು ಬದುಕಿಸಿದರು. ಅಲ್ಲಿ ಪಕ್ಕದಲ್ಲೇ ಹೊಸ ಸೇತುವೆ ಇತ್ತು. ಮೊದಲು ಅದನ್ನೂ ತಡೆದು, ಪರಿಶೀಲಿಸಿ, ನಂತರ ಎರಡೂ ದಿಕ್ಕಿನ ಸಂಚಾರವನ್ನು ಅದರ ಮೇಲೇ ಬಿಟ್ಟರು. ದಟ್ಟಣೆ ಹೆಚ್ಚಾಯಿತು, ಆದರೆ ಮಾಜಾಳಿಯವರು ಕಾರವಾರಕ್ಕೆ ಹೋಗುವುದು ನಿಲ್ಲಲಿಲ್ಲ.

ಸ್ಟುಡಿಯೊಗೂ ಎರಡನೇ ಸೇತುವೆ ಬೇಕು ಎನಿಸಿತು. ಫೈಬರ್ ಕೊಟ್ಟ ಕಂಪನಿಯದ್ದೇ ಇನ್ನೊಂದು ಕೇಬಲ್ ತೆಗೆದುಕೊಂಡರೆ ಪ್ರಯೋಜನವಿಲ್ಲ. ಅದೂ ಅದೇ ಕಂಬಗಳ ಮೇಲೆ ಬರುತ್ತದೆ. ಮರ ಬಿದ್ದರೆ ಎರಡೂ ಹೋಗುತ್ತವೆ. ಬೇರೆ ಕಂಪನಿಯ 4ಜಿ ಸಿಮ್ ಹಾಕಿ, ಎರಡು ಲೈನ್ ಹಿಡಿಯುವ ರೂಟರ್ ಇಟ್ಟೆವು. ಪ್ರತಿ ದಾರಿಗೂ ‘ಮೆಟ್ರಿಕ್’ ಎಂಬ ಸಂಖ್ಯೆ ಇರುತ್ತದೆ. ಸಂಖ್ಯೆ ಕಡಿಮೆ ಇದ್ದ ದಾರಿಗೆ ಮೊದಲ ಮಣೆ. ಫೈಬರ್‌ಗೆ ಕಡಿಮೆ, ಸಿಮ್‌ಗೆ ಹೆಚ್ಚು ಕೊಟ್ಟೆವು.

ಆಮೇಲೆ ಬೇಕೆಂದೇ ಕೆಡಿಸಿ ನೋಡಿದೆ. ಬ್ಯಾಕಪ್ ನಡೆಯುತ್ತಿರುವಾಗ ಕಂಪ್ಯೂಟರಿನ ಕೇಬಲ್ ಕಿತ್ತೆ. ಮತ್ತೆ ಹಾಕಿದಾಗ ಮುಂದುವರಿಯಿತು. ಫೈಬರ್ ಮೋಡೆಮ್ ಆರಿಸಿದೆ; ರೂಟರ್ ಸಿಮ್‌ಗೆ ಹೊರಳಿತು. ಮೂರನೆಯದಾಗಿ ಮೋಡೆಮ್ ಉರಿಯುತ್ತಿರುವಾಗಲೇ ಅದರ ಹಿಂದಿನ ಫೈಬರ್ ತಂತಿ ಮಾತ್ರ ತೆಗೆದೆ. ಇಂಟರ್‌ನೆಟ್ ಇಲ್ಲ, ಆದರೂ ರೂಟರ್ ಹೊರಳಲೇ ಇಲ್ಲ! ಮೋಡೆಮ್ ಜೊತೆಗಿನ ಕೇಬಲ್‌ನ ದೀಪ ಹಸಿರಾಗಿದೆಯಲ್ಲ, ಎಲ್ಲ ಸರಿ ಇದೆ ಎಂದು ಅದು ನಂಬಿತ್ತು. ಥೇಟ್ ನನ್ನ ಹಾಗೆ.

ರೂಟರ್‌ನಲ್ಲಿ ಇದಕ್ಕೂ ಸೆಟ್ಟಿಂಗ್ ಇತ್ತು. ದೀಪ ನೋಡಬೇಡ, ಊರ ಹೊರಗಿನ ವಿಳಾಸಗಳಿಂದ ಉತ್ತರ ಬರುತ್ತಿದೆಯೇ ನೋಡು ಎಂದು ಹೇಳಬಹುದು. ಒಂದೇ ವಿಳಾಸ ಸಾಲದು, ಎರಡು ಮೂರು ಕೊಡಬೇಕು. ಆ ಒಂದು ಸರ್ವರ್ ಕೆಟ್ಟರೆ ನಮ್ಮ ಲೈನ್ ಕೆಟ್ಟಿದೆ ಎಂದು ಭ್ರಮಿಸಬಾರದಲ್ಲ. ಫೈಬರ್ ಮರಳಿ ಬಂದರೂ ಐದು ನಿಮಿಷ ಸ್ಥಿರವಾಗಿದ್ದ ಮೇಲೇ ವಾಪಸ್ ಹೊರಳುವಂತೆ ಮಾಡಿದೆ. ಇಲ್ಲದಿದ್ದರೆ ಗಾಳಿಗೆ ತೂಗುವ ಲೈನಿನಲ್ಲಿ ಅದು ಆ ಕಡೆ ಈ ಕಡೆ ಓಲಾಡುತ್ತಲೇ ಇರುತ್ತದೆ.

ಇನ್ನೊಂದು ಭ್ರಮೆಯೂ ಅಂದು ಹೋಯಿತು. ಎರಡು ಲೈನ್ ಇದ್ದರೆ ಸಂಪರ್ಕ ಕಡಿಯುವುದೇ ಇಲ್ಲ ಎಂದುಕೊಂಡಿದ್ದೆ. ಹಾಗಲ್ಲ. ಫೈಬರ್‌ನಿಂದ ಸಿಮ್‌ಗೆ ಹೊರಳಿದಾಗ ಹೊರಜಗತ್ತಿಗೆ ಕಾಣುವ ನಮ್ಮ ವಿಳಾಸವೇ ಬದಲಾಗುತ್ತದೆ. ಹಳೆಯ ಸಂಪರ್ಕ ಅಲ್ಲಿಗೆ ಸತ್ತಂತೆಯೇ. ಕಡಿದದ್ದನ್ನು ಗುರುತಿಸಿ, ಮತ್ತೆ ಜೋಡಿಸಿಕೊಂಡು, ಬಿಟ್ಟಲ್ಲಿಂದ ಮುಂದುವರಿಸುವ ಗುಣ ತಂತ್ರಾಂಶಕ್ಕೆ ಇದ್ದರೆ ಮಾತ್ರ ಎರಡನೇ ಲೈನ್ ಉಪಯೋಗಕ್ಕೆ ಬರುತ್ತದೆ. ಮತ್ತೆ, ಸಿಮ್‌ನ ಡೇಟಾಕ್ಕೆ ಮಿತಿ ಇದೆ. ಹಾಗಾಗಿ ಅದರ ಮೇಲೆ ಅಂದಿನ ಹೊಸ ಫೋಟೊಗಳು ಮಾತ್ರ ಹೋಗುತ್ತವೆ, ಅದೂ ನಿಧಾನಗತಿಯಲ್ಲಿ. ಹಳೆಯ ದೊಡ್ಡ ವಿಡಿಯೊಗಳು ಫೈಬರ್‌ಗಾಗಿ ಕಾಯುತ್ತವೆ.

ಸುದ್ದಿ ಇಲ್ಲದಿದ್ದರೆ ಅದೇ ಕೆಟ್ಟ ಸುದ್ದಿ

ಇಷ್ಟೆಲ್ಲ ಮಾಡಿದ ಮೇಲೂ ಒಂದು ಪ್ರಶ್ನೆ ಉಳಿಯಿತು. ಇದೂ ಒಂದು ದಿನ ನಿಂತರೆ ನನಗೆ ಹೇಗೆ ಗೊತ್ತಾಗುತ್ತದೆ?

‘ಸೋತರೆ ಇಮೇಲ್ ಕಳಿಸು’ ಎಂದು ಬರೆಯಲು ಹೊರಟಿದ್ದೆ. ಅಷ್ಟರಲ್ಲಿ ಗಿಟ್‌ಲ್ಯಾಬ್ ಕಂಪನಿಯ ವರದಿ ಓದಿದೆ. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರ್ ಒಬ್ಬರು ತಪ್ಪಿ ಮುಖ್ಯ ಡೇಟಾಬೇಸನ್ನೇ ಅಳಿಸಿದರು. ನಿತ್ಯದ ಬ್ಯಾಕಪ್ ಹುಡುಕಿದರೆ ಅದು ಇರಲೇ ಇಲ್ಲ. ಬ್ಯಾಕಪ್ ತೆಗೆಯುವ ಉಪಕರಣದ ಆವೃತ್ತಿ ಡೇಟಾಬೇಸ್‌ನ ಆವೃತ್ತಿಗೆ ಹೊಂದದೆ ಸೋಲುತ್ತಿತ್ತು. ಸೋತೆ ಎಂದು ಅದು ಇಮೇಲ್ ಕಳಿಸುತ್ತಲೂ ಇತ್ತು. ಆ ಇಮೇಲ್‌ಗಳು ದೃಢೀಕರಣ ಇಲ್ಲವೆಂದು ತಿರಸ್ಕೃತವಾಗುತ್ತಿದ್ದವು, ಯಾರಿಗೂ ತಲುಪುತ್ತಿರಲಿಲ್ಲ. ಸುಮಾರು 6 ಗಂಟೆ ಮೊದಲು ಬೇರೆ ಕೆಲಸಕ್ಕೆಂದು ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಕಂಪನಿ ಇದನ್ನು ಮುಚ್ಚಿಡದೆ ಇದ್ದದ್ದು ಇದ್ದಂತೆ ಬರೆದು ಪ್ರಕಟಿಸಿತು.

ಅಷ್ಟು ದೊಡ್ಡವರಿಗೇ ಹೀಗಾದರೆ! ಹಾಗಾಗಿ ಲೆಕ್ಕವನ್ನು ತಿರುಗಿಸಿದೆ. ಈಗ ಬ್ಯಾಕಪ್ ಗೆದ್ದಾಗ ‘ಆಯಿತು’ ಎಂಬ ಸಂದೇಶ ಬೇರೆ ಕಡೆ ಇರುವ ಒಂದು ಕಾವಲು ಸೇವೆಗೆ ಹೋಗುತ್ತದೆ. ಬೆಳಿಗ್ಗೆ 8ರ ಒಳಗೆ ‘ಆಯಿತು’ ಬಾರದಿದ್ದರೆ ಆ ಸೇವೆ ನನ್ನ ಮತ್ತು ಮಾಮಾನ ಫೋನ್ ಬಡಿಯುತ್ತದೆ. ಕಂಪ್ಯೂಟರ್ ಸುಟ್ಟುಹೋದರೂ, ಇಂಟರ್‌ನೆಟ್ ಇಲ್ಲದಿದ್ದರೂ, ಸ್ಕ್ರಿಪ್ಟ್ ನಿದ್ದೆ ಹೋದರೂ ‘ಆಯಿತು’ ಬರುವುದಿಲ್ಲ. ಆಗ ಫೋನ್ ಬಡಿದುಕೊಳ್ಳಲೇಬೇಕು.

ಇಷ್ಟಾದ ಮೇಲೂ ಮಾಮಾನ ಹಳೆಯ ಪದ್ಧತಿಯನ್ನು ವಾಪಸ್ ತಂದೆವು. ಪ್ರತಿ ಶನಿವಾರ ಹೊರಗಿನ ಡಿಸ್ಕಿಗೆ ಕಾಪಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಲ್ಲಿ ಎಂಬ 3-2-1 ಸೂತ್ರವನ್ನು ಜನಪ್ರಿಯ ಮಾಡಿದ್ದು ಪೀಟರ್ ಕ್ರೋ ಎಂಬ ಫೋಟೊಗ್ರಾಫರ್. ನನ್ನ ಮಾಮಾ ಆ ಹೆಸರು ಕೇಳಿದವರಲ್ಲ. ಶನಿವಾರದ ಕಾಪಿಯ ಬುದ್ಧಿ ಮಾತ್ರ ನನಗಿಂತ ಮೊದಲೇ ಅವರಿಗಿತ್ತು.

ಇಂಟರ್ನ್‌ಶಿಪ್ ಸಂದರ್ಶನಕ್ಕೆ ತಯಾರಿ ಮಾಡುತ್ತಿರುವ ಗೆಳೆಯರಿಗೆ ಒಂದು ಮಾತು. ರೆಸ್ಯೂಮೆಗೆ ಪ್ರಾಜೆಕ್ಟ್ ಹುಡುಕಲು ದೂರ ಹೋಗಬೇಕಿಲ್ಲ. ನಿಮ್ಮ ಊರಿನ ಸ್ಟುಡಿಯೊ, ಮೆಡಿಕಲ್ ಶಾಪ್, ಸಹಕಾರಿ ಸಂಘಕ್ಕೆ ಹೋಗಿ ಕೇಳಿ: ‘ಬ್ಯಾಕಪ್ ಇದೆಯಾ?’ ಇದೆ ಎಂದರೆ ‘ಹಾಗಾದರೆ ಹೋದ ತಿಂಗಳ ಒಂದು ಕಡತ ವಾಪಸ್ ತೆಗೆದು ತೋರಿಸಿ’ ಅನ್ನಿ. ಕೆಲಸ ಅಲ್ಲಿಂದ ಶುರು. ನನ್ನ ಹಾಗೆ ಹಾಕಿಕೊಟ್ಟು ಮರೆಯಬೇಡಿ ಅಷ್ಟೇ.

ನಾವೂ ಈಗ ಪ್ರತಿ ತಿಂಗಳ ಮೊದಲ ಭಾನುವಾರ ಆ ಪರೀಕ್ಷೆ ಮಾಡುತ್ತೇವೆ. ಮಾಮಾ ಹೇಳಿದ ಫೋಲ್ಡರನ್ನು ನಾನು ಸರ್ವರ್‌ನಿಂದ ಇಳಿಸಿ ತೋರಿಸಬೇಕು. ಸಾವಿರಾರು ಫೋಲ್ಡರ್‌ಗಳಿವೆ. ಆದರೆ ಮಾಮಾ ಪ್ರತಿ ಸಲ ಮೊದಲು ಕೇಳುವುದು ಒಂದನ್ನೇ, ಆ ನಿಶ್ಚಿತಾರ್ಥದ ಹನ್ನೊಂದು ಚಿತ್ರಗಳದ್ದು. ನಾನು ಇಳಿಸುತ್ತೇನೆ. ಮಾಮಾ ಒಂದೊಂದಾಗಿ ತೆರೆದು ಎಣಿಸುತ್ತಾರೆ. ಹನ್ನೊಂದೂ ಇವೆ ಎಂದಾದ ಮೇಲೆ ಚಹಾ ತರಿಸುತ್ತಾರೆ.